ಬೇಸ್‌ಮೆಂಟಿನ ಹಾಡುಗಳು

“ರೀ, ಬೇಗ ಎದ್ದು ಬನ್ನಿ, ನಮ್ಮ ಬೇಸ್‌ಮೆಂಟ್ ಕುಕ್ಕರಹಳ್ಳಿ ಕೆರೆ ಆಗಿದೆ!”

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಗಿನ ಜಾವ ನನ್ನ ಶ್ರೀಮತಿ ಮೆಟ್ಟಿಲ ಮೇಲಿಂದ ಕೂಗಿದ್ದು ಹೀಗೆ. ರಾತ್ರಿಯೆಲ್ಲ ವೆಸ್ಟ್‌ಮಂಟ್‌ನಲ್ಲಿ ಧಾರಾಕಾರ ಮಳೆ. ಕರೆಂಟು ಹೋಗಿ ಸಂಪ್ ಪಂಪ್ ನಿಂತುಬಿಟ್ಟಿತ್ತು. ಷಿಕಾಗೋ ಸುತ್ತಮುತ್ತ ಮನೆ ಮಾಡಿರುವ ನಿಮಗೆ ಈ ಕಷ್ಟವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಇಳಿದರೆ ಹಿಮ್ಮಡಿ ಮುಳುಗುವಷ್ಟು ನೀರು. ಇಪ್ಪತ್ತು ವರ್ಷಗಳಿಂದ “ಯಾವತ್ತಾದರೂ ಬೇಕಾಗಬಹುದು” ಎಂದು ಕೂಡಿಟ್ಟ ರಟ್ಟಿನ ಡಬ್ಬಗಳೆಲ್ಲ ತೇಲುತ್ತಿದ್ದವು.

ಷಿಕಾಗೋ ನಗರದಲ್ಲಿ ಕೆಲಸದಲ್ಲಿರುವ ಮಗ ಸಹಾಯಕ್ಕೆ ಓಡಿಬಂದ. ಅಪ್ಪ ಮಗ ಇಬ್ಬರೂ ಸೇರಿ ಒದ್ದೆಯಾದದ್ದನ್ನೆಲ್ಲ ಗ್ಯಾರೇಜಿಗೆ ಸಾಗಿಸುವಾಗ, ಹಳೆಯ ಕಾಫಿಪುಡಿ ಡಬ್ಬವೊಂದರಿಂದ ಒಂದು ಕ್ಯಾಸೆಟ್ ಹೊರಬಂತು. ಡಬ್ಬದೊಳಗಿದ್ದ ಪುಣ್ಯಕ್ಕೆ ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ನನ್ನದೇ ಅಕ್ಷರ: “ಹಾಸ್ಟೆಲ್ ಬ್ಯಾಂಡ್, 1991.”

“ಅಪ್ಪ, ಇದೇನಿದು?”

“ನಮ್ಮ ಬ್ಯಾಂಡು ಕಣೋ. ಮೈಸೂರು ಮೆಡಿಕಲ್ ಕಾಲೇಜಲ್ಲಿದ್ದಾಗ ರೆಕಾರ್ಡ್ ಮಾಡಿದ್ದು.”

“ನಿಂಗೆ ಬ್ಯಾಂಡ್ ಇತ್ತಾ? ಒಂದು ದಿನಾನೂ ಹೇಳಲಿಲ್ವಲ್ಲ!” ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಹಾಗಾದ್ರೆ ನಮ್ಮ ರೆಕಾರ್ಡಿಂಗ್ ಎಲ್ಲಿದೆ?”

ನನ್ನ ಎದೆ ಧಸಕ್ಕೆಂದಿತು.

ಇದೇನಪ್ಪಾ, ಬ್ಲಡ್ ಪ್ರೆಷರ್, ಕೊಲೆಸ್ಟರಾಲ್ ಬಗ್ಗೆ ಬರೆಯಬೇಕಾದ ಡಾಕ್ಟರು ಬ್ಯಾಂಡು ಬಜಾನೆಯ ಕಥೆ ಹೇಳುತ್ತಿದ್ದಾರೆ ಎಂದು ಹುಬ್ಬೇರಿಸಬೇಡಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದು, ಕೇಳಿದ್ದು ಬಹಳ. ಅದರಲ್ಲಿ ನಮ್ಮ ವೆಸ್ಟ್‌ಮಂಟ್, ನಮ್ಮ ಪಕ್ಕದ ಡೆಟ್ರಾಯಿಟ್, ನಮ್ಮ ಮೈಸೂರು ಎಲ್ಲವೂ ಬಂದವು. ಮೊದಲು ಅದನ್ನು ಹೇಳಿ ಆಮೇಲೆ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ.

ಡೆಮೊ ಎಂದರೇನು?

ಹೆಸರು ಮಾಡುವ ಮೊದಲು ಹಾಡುಗಾರರು, ಬ್ಯಾಂಡಿನವರು ತಮ್ಮ ಕೈಲಾದಷ್ಟು ಖರ್ಚಿನಲ್ಲಿ ಮಾಡಿಕೊಳ್ಳುವ ಮಾದರಿ ರೆಕಾರ್ಡಿಂಗಿಗೆ ಡೆಮೊ ಎನ್ನುತ್ತಾರೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಕಳಿಸುವ ಜಾತಕ, ಫೋಟೋ ಇದ್ದ ಹಾಗೆ. ಕಂಪನಿಯವರು ನೋಡಿ ಒಪ್ಪಿದರೆ ಮುಂದಿನ ಮಾತು. ಒಪ್ಪದಿದ್ದರೆ ಉತ್ತರವೂ ಬರುವುದಿಲ್ಲ! ಅದರಲ್ಲಿ ಶ್ರುತಿ ತಪ್ಪಿರುತ್ತದೆ, ತಾಳ ಓಡಿರುತ್ತದೆ, ಹಿಂದೆ ನಾಯಿ ಬೊಗಳಿರುತ್ತದೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಗರ್ಭಿಣಿಯ ಮೊದಲ ಸ್ಕ್ಯಾನ್ ಚಿತ್ರ. ಹೊರಗಿನವರಿಗೆ ಕಪ್ಪು ಬಿಳುಪಿನ ಮಸುಕು. ಮನೆಯವರಿಗೆ ಮಾತ್ರ ಅದರಲ್ಲಿ ಕೈ, ಕಾಲು, ಮೂಗು ಎಲ್ಲ ಕಾಣುತ್ತದೆ.

ನಮ್ಮ 1991ರ ಕ್ಯಾಸೆಟ್ಟೂ ಅಂಥದ್ದೇ. ನಾಲ್ಕು ಜನ ಹುಡುಗರು, ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್, ಒಂದು ತಬಲಾ, ಮೆಸ್ಸಿನಿಂದ ಕದ್ದ ಸ್ಟೀಲ್ ತಟ್ಟೆ. ಹಿಂದಿನ ವರ್ಷವಷ್ಟೇ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದು, ಸಿ. ಅಶ್ವಥ್ ಅವರ ಸಂಗೀತ ಎಲ್ಲರ ಬಾಯಲ್ಲೂ ಇತ್ತು. ನಾವು ಆ ತತ್ವಪದಗಳಿಗೇ ಗಿಟಾರ್ ಬಾರಿಸಿ “ರಾಕ್” ಮಾಡಿದೆವು! ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲದೆ, ಯಾರದ್ದೋ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲಿನ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಅದರ ಮೇಲೆಯೇ ರೆಕಾರ್ಡ್ ಮಾಡಿದ್ದು. ಈ ಉಪಾಯ ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಒಂದು ಪ್ರತಿಯನ್ನು ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದಕ್ಕೆ ಪೋಸ್ಟ್ ಮಾಡಿ ಮೂರು ತಿಂಗಳು ಪೋಸ್ಟ್‌ಮ್ಯಾನ್ ದಾರಿ ಕಾದೆವು. ಆಮೇಲೆ ಪೆಥಾಲಜಿ ಪರೀಕ್ಷೆ ಬಂತು, ಬ್ಯಾಂಡ್ ಮುಗಿಯಿತು.

ನಮ್ಮೂರಿನ ‘ಕೆಸರು ನೀರು’

ವೆಸ್ಟ್‌ಮಂಟ್‌ಗೆ ಬಂದವರು ಕ್ಯಾಸ್ ಅವೆನ್ಯೂ ಮೇಲೆ ಓಡಾಡಿಯೇ ಇರುತ್ತೀರಿ. ಅದರ ಒಂದು ಭಾಗಕ್ಕೆ ಗೌರವಾರ್ಥವಾಗಿ ‘ಮಡ್ಡಿ ವಾಟರ್ಸ್ ವೇ’ ಎಂದು ಹೆಸರಿಟ್ಟಿದ್ದಾರೆ. ಮೊದಲ ಸಲ ಅದನ್ನು ಓದಿದಾಗ ಇಲ್ಲೆಲ್ಲೋ ಕೊಳಚೆ ಕಾಲುವೆ ಇರಬೇಕು ಎಂದುಕೊಂಡಿದ್ದೆ! ವಿಚಾರಿಸಿದ ಮೇಲೆ ಗೊತ್ತಾಯಿತು, ಅದು ಒಬ್ಬ ಮಹಾ ಗಾಯಕನ ಹೆಸರು. ಷಿಕಾಗೋ ಬ್ಲೂಸ್ ಸಂಗೀತದ ಪಿತಾಮಹ ಎನಿಸಿಕೊಂಡ ಮಡ್ಡಿ ವಾಟರ್ಸ್ ತಮ್ಮ ಜೀವನದ ಕೊನೆಯ ಹತ್ತು ವರ್ಷ ಇದ್ದದ್ದು ನಮ್ಮ ವೆಸ್ಟ್‌ಮಂಟ್‌ನಲ್ಲಿ. 1983ರ ಏಪ್ರಿಲ್ 30ರಂದು ತೀರಿಕೊಂಡದ್ದೂ ಇಲ್ಲಿಯೇ.

ಅವರ ನಿಜನಾಮ ಮೆಕಿನ್ಲಿ ಮಾರ್ಗನ್‌ಫೀಲ್ಡ್. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡು ಮಿಸಿಸಿಪ್ಪಿಯಲ್ಲಿ ಅಜ್ಜಿಯ ಬಳಿ ಬೆಳೆದ ಹುಡುಗ. ಹೊಳೆಯ ಕೆಸರಿನಲ್ಲಿ ಆಡಿ ಬರುತ್ತಿದ್ದನೆಂದು ಅಜ್ಜಿ ‘ಮಡ್ಡಿ’ ಎಂದು ಕರೆದಳು. ದೊಡ್ಡವನಾಗಿ ಸ್ಟೋವಾಲ್ ಎಂಬ ಹತ್ತಿಯ ಪ್ಲಾಂಟೇಶನ್ನಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಕೆಲಸ. ಶನಿವಾರ ರಾತ್ರಿ ಗಿಟಾರ್, ಹಾಡು, ಕದ್ದು ಮುಚ್ಚಿ ಕಾಯಿಸಿದ ವಿಸ್ಕಿ ಮಾರಾಟ.

1941ರ ಆಗಸ್ಟ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಲನ್ ಲೊಮ್ಯಾಕ್ಸ್ ಮತ್ತು ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಜನಪದ ಹಾಡುಗಳನ್ನು ಸಂಗ್ರಹಿಸುತ್ತಾ ಅಲ್ಲಿಗೆ ಬಂದರು. ಬಿಳಿಯನೊಬ್ಬ ತನ್ನ ಹೆಸರು ಹಿಡಿದು ಹುಡುಕುತ್ತಿದ್ದಾನೆ ಎಂದು ಕೇಳಿದ ಮಡ್ಡಿಗೆ, ಇವನು ವಿಸ್ಕಿ ಹಿಡಿಯಲು ಬಂದ ಸರ್ಕಾರದ ಏಜೆಂಟನೇ ಸರಿ ಎಂಬ ಅನುಮಾನ! ನಂಬಿಕೆ ಬಂದ ಮೇಲೆ ಮಡ್ಡಿಯ ಮನೆಯಲ್ಲೇ ರೆಕಾರ್ಡಿಂಗ್ ನಡೆಯಿತು. ಆಗ ಅಲ್ಲಿ ಟೇಪ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಾರಿನಲ್ಲಿ ಹೇರಿಕೊಂಡು ಬರುತ್ತಿದ್ದ ಭಾರಿ ಯಂತ್ರವೊಂದು, ತಿರುಗುವ ತಟ್ಟೆಯ ಮೇಲೆ ಸೂಜಿಯಿಂದ ಧ್ವನಿಯನ್ನು ಕೊರೆಯುತ್ತಿತ್ತು. ತಪ್ಪಿದರೆ ಒರೆಸಿ ಮತ್ತೆ ಮಾಡುವ ಹಾಗಿಲ್ಲ.

ಹಾಡಿ ಮುಗಿಸಿದ ಮೇಲೆ ಲೊಮ್ಯಾಕ್ಸ್ ಆ ತಟ್ಟೆಯನ್ನು ನುಡಿಸಿ ಕೇಳಿಸಿದರು. ಹಾಡುವವನು ತನ್ನದೇ ಧ್ವನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ರೆಕಾರ್ಡುಗಳಲ್ಲಿ ಹಾಡುವ ದೊಡ್ಡ ದೊಡ್ಡವರ ಹಾಗೆಯೇ ತಾನೂ ಹಾಡಬಲ್ಲೆ ಎಂದು ಅವತ್ತೇ ತನಗೆ ಹೊಳೆದದ್ದು ಎಂದು ಮಡ್ಡಿ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಲೊಮ್ಯಾಕ್ಸ್ ಆಮೇಲೆ ಅವರಿಗೆ 20 ಡಾಲರ್ ಚೆಕ್ ಜೊತೆಗೆ ಆ ರೆಕಾರ್ಡಿನ ಎರಡು ಪ್ರತಿ ಕಳಿಸಿದರು. ಒಂದನ್ನು ಜೂಕ್‌ಬಾಕ್ಸಿಗೆ ಹಾಕಿ ಮಡ್ಡಿ ಮತ್ತೆ ಮತ್ತೆ ಕೇಳಿದರಂತೆ.

1943ರಲ್ಲಿ ಟ್ರ್ಯಾಕ್ಟರ್ ಕೆಲಸ ಬಿಟ್ಟು ಮಡ್ಡಿ ರೈಲು ಹತ್ತಿ ಷಿಕಾಗೋಗೆ ಬಂದರು. ಷಿಕಾಗೋದ ಗದ್ದಲದ ಬಾರುಗಳಲ್ಲಿ ಹಳ್ಳಿಯ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ. ಅದಕ್ಕೇ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಪ್ಲಾಂಟೇಶನ್ನಿನ ಮನೆಯಲ್ಲಿ ಲೊಮ್ಯಾಕ್ಸ್‌ಗೆ ಹಾಡಿದ್ದ ಒಂದು ಹಾಡನ್ನೇ ತಿದ್ದಿ ತೀಡಿ, ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಎಂಬ ಹೆಸರಿನಲ್ಲಿ 1948ರಲ್ಲಿ ಹೊರತಂದಾಗ ಮೊದಲ ಪ್ರತಿಗಳೆಲ್ಲ ಕೆಲವೇ ದಿನಗಳಲ್ಲಿ ಖಾಲಿಯಾದವು. 1941ರ ತಟ್ಟೆ, 1948ರ ತಟ್ಟೆ ಎರಡನ್ನೂ ಇವತ್ತು ಪಕ್ಕಪಕ್ಕ ಇಟ್ಟು ಕೇಳಬಹುದು. ಹಾಡು ಅದೇ. ಹಾಡುವವನ ಧೈರ್ಯ ಮಾತ್ರ ಬೇರೆ.

ಲಂಡನ್ನಿನ ಐದು ಹಾಡುಗಳು

ಬ್ಲೂಸಿಗೂ ರಾಕ್‌ಗೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಹೆಸರಿನಲ್ಲೇ ಇದೆ. ಮಡ್ಡಿ ವಾಟರ್ಸ್ 1950ರಲ್ಲಿ ‘ರೋಲಿನ್ ಸ್ಟೋನ್’ ಎಂಬ ಹಾಡು ಹಾಡಿದರು. ಹನ್ನೆರಡು ವರ್ಷಗಳ ನಂತರ ಲಂಡನ್ನಿನ ಕೆಲವು ಹುಡುಗರು ತಮ್ಮ ಬ್ಯಾಂಡಿಗೆ ಅದನ್ನೇ ಹೆಸರಾಗಿಟ್ಟರು: ರೋಲಿಂಗ್ ಸ್ಟೋನ್ಸ್. ಅದಕ್ಕೂ ಮುಂಚೆ, 1961ರಲ್ಲಿ, ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಮತ್ತೆ ಭೇಟಿಯಾದಾಗ ಮಾತು ಬೆಳೆದದ್ದು ಜ್ಯಾಗರ್ ಕಂಕುಳಲ್ಲಿದ್ದ ಷಿಕಾಗೋ ರೆಕಾರ್ಡುಗಳಿಂದ. ಅದರಲ್ಲಿ ಮಡ್ಡಿ ವಾಟರ್ಸ್ ಅವರದೂ ಇತ್ತು.

ಈ ಬ್ಯಾಂಡಿನವರು 1963ರ ಮಾರ್ಚ್ 11ರಂದು ಲಂಡನ್ನಿನ ಐಬಿಸಿ ಸ್ಟುಡಿಯೋದಲ್ಲಿ ಐದು ಹಾಡುಗಳ ಡೆಮೊ ಮಾಡಿದರು. ಗ್ಲಿನ್ ಜಾನ್ಸ್ ಎಂಬ ಯುವ ಎಂಜಿನಿಯರ್ ರೆಕಾರ್ಡ್ ಮಾಡಿಕೊಂಡರು. ಐದರಲ್ಲಿ ಒಂದು, ಮಡ್ಡಿ ವಾಟರ್ಸ್ ಹಾಡಿದ್ದ ‘ಐ ವಾಂಟ್ ಟು ಬಿ ಲವ್ಡ್.’ ಆ ಡೆಮೊ ಹಿಡಿದು ಕಂಪನಿಗಳ ಬಾಗಿಲು ತಟ್ಟಿದರೆ ಯಾರೂ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಬೇರೆ ದಾರಿಯಿಂದ ಅವರಿಗೆ ಡೆಕ್ಕಾ ಕಂಪನಿಯ ಒಪ್ಪಂದ ಸಿಕ್ಕಿತು. ಹಿಂದಿನ ವರ್ಷವಷ್ಟೇ ಬೀಟಲ್ಸ್ ತಂಡದ ಡೆಮೊ ಕೇಳಿ “ಬೇಡ” ಎಂದು ಕೈ ಸುಟ್ಟುಕೊಂಡಿದ್ದ ಕಂಪನಿ ಅದು! ಇನ್ನೊಂದು ಸಲ ಅಂಥ ತಪ್ಪು ಮಾಡಲು ಅವರು ತಯಾರಿರಲಿಲ್ಲ.

ಐಬಿಸಿಯ ಆ ಐದು ಹಾಡುಗಳು ಅಧಿಕೃತವಾಗಿ ಹೊರಬಂದದ್ದು ಸುಮಾರು ಐವತ್ತು ವರ್ಷಗಳ ನಂತರ, 2012ರಲ್ಲಿ. ಅಷ್ಟರಲ್ಲಿ ಹುಡುಗರು ತಾತಂದಿರಾಗಿದ್ದರು. ಆದರೆ ತಮ್ಮ ಗುರುವಿನ ಋಣವನ್ನು ಅವರು ಮರೆತಿರಲಿಲ್ಲ. 1981ರ ನವೆಂಬರ್ 22ರ ರಾತ್ರಿ ಷಿಕಾಗೋ ಸೌತ್ ಸೈಡಿನ ಚೆಕರ್‌ಬೋರ್ಡ್ ಲೌಂಜ್ ಎಂಬ ಪುಟ್ಟ ಕ್ಲಬ್ಬಿನಲ್ಲಿ, ಮಡ್ಡಿ ವಾಟರ್ಸ್ ಪಕ್ಕದಲ್ಲಿ ನಿಂತು ಹಾಡಿದರು. ನಮ್ಮ ವೆಸ್ಟ್‌ಮಂಟ್‌ನ ಹಿರಿಯರ ಮುಂದೆ ಜಗತ್ತಿನ ಅತಿ ದೊಡ್ಡ ರಾಕ್ ಬ್ಯಾಂಡ್ ಶಿಷ್ಯರಂತೆ ನಿಂತಿದ್ದ ಆ ವಿಡಿಯೋವನ್ನು ನೀವೂ ಒಮ್ಮೆ ನೋಡಿ.

ಡೆಟ್ರಾಯಿಟ್‌ನಿಂದ ಅಟ್ಟಕ್ಕೆ

ಸ್ಟೋನ್ಸ್ ಕಥೆಯಲ್ಲಿ ಎರಡೇ ತಿಂಗಳಲ್ಲಿ ಬಾಗಿಲು ತೆರೆಯಿತು. ಎಲ್ಲರ ಹಣೆಬರಹವೂ ಹಾಗಿರುವುದಿಲ್ಲ. ಈಗ ನಾನು ಹೇಳುವ ಕಥೆಯಲ್ಲಿ ಬಾಗಿಲು ತೆರೆಯಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನನ್ನ ನಿದ್ದೆಗೆಡಿಸಿದ್ದು ಇದೇ.

ಡೆಟ್ರಾಯಿಟ್‌ನ ಕಪ್ಪು ಜನರ ಬಡಾವಣೆಯೊಂದರಲ್ಲಿ ಹ್ಯಾಕ್ನಿ ಎಂಬ ಕುಟುಂಬದ ಮೂವರು ಅಣ್ಣ ತಮ್ಮಂದಿರು: ಡೇವಿಡ್, ಡ್ಯಾನಿಸ್, ಬಾಬಿ. ಮನೆಯ ಮಲಗುವ ಕೋಣೆಯಲ್ಲೇ ಅವರ ಅಭ್ಯಾಸ. ಮೋಟೌನ್ ಸಂಗೀತದ ಊರಿನಲ್ಲಿ ಹುಟ್ಟಿದ ಕಪ್ಪು ಹುಡುಗರು ಸೋಲ್ ಸಂಗೀತ ನುಡಿಸಬೇಕು ಎಂಬುದು ಎಲ್ಲರ ನಿರೀಕ್ಷೆ. ಇವರು ನುಡಿಸಿದ್ದು ಕಿವಿಗಡಚಿಕ್ಕುವ ರಾಕ್. ಅಪಘಾತದಲ್ಲಿ ತಂದೆ ತೀರಿಕೊಂಡ ಮೇಲೆ, ಸಾವನ್ನೂ ಒಳ್ಳೆಯ ದೃಷ್ಟಿಯಿಂದ ನೋಡಬೇಕು ಎಂದು ಹಿರಿಯ ಡೇವಿಡ್ ಬ್ಯಾಂಡಿಗೆ ‘ಡೆತ್’ ಎಂದೇ ಹೆಸರಿಟ್ಟ.

1970ರ ದಶಕದ ನಡುವೆ ಡೆಟ್ರಾಯಿಟ್‌ನ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ಅವರು ಏಳು ಹಾಡು ರೆಕಾರ್ಡ್ ಮಾಡಿದರು. ಹನ್ನೆರಡು ಮಾಡುವ ಯೋಜನೆಯಿತ್ತು. ಕುಟುಂಬದವರು ಹೇಳುವ ಪ್ರಕಾರ, ರೆಕಾರ್ಡ್ ಕಂಪನಿಯ ಕ್ಲೈವ್ ಡೇವಿಸ್ ಅವರಿಗೆ ಹಾಡು ಹಿಡಿಸಿತ್ತು, ಖರ್ಚೂ ಕೊಟ್ಟಿದ್ದರು. ಆದರೆ ಬ್ಯಾಂಡಿನ ಹೆಸರು ಬದಲಿಸಿ ಎಂದರು. ಡೇವಿಡ್ ಒಪ್ಪಲಿಲ್ಲ. ಅಲ್ಲಿಗೆ ದುಡ್ಡು ನಿಂತಿತು, ರೆಕಾರ್ಡಿಂಗ್ ಏಳಕ್ಕೇ ನಿಂತಿತು. 1976ರಲ್ಲಿ ತಾವೇ ದುಡ್ಡು ಹಾಕಿ ಎರಡು ಹಾಡುಗಳ ರೆಕಾರ್ಡಿನ 500 ಪ್ರತಿ ಮಾಡಿಸಿದರು. ಯಾರೂ ಕೇಳಲಿಲ್ಲ. 1977ರಲ್ಲಿ ಅಣ್ಣ ತಮ್ಮಂದಿರು ಡೆಟ್ರಾಯಿಟ್ ಬಿಟ್ಟು ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್‌ಗೆ ಹೋದರು.

ಡೇವಿಡ್ 1982ರಲ್ಲಿ ಡೆಟ್ರಾಯಿಟ್‌ಗೆ ಹಿಂತಿರುಗಿದ. ಆ ಟೇಪುಗಳನ್ನು ಒಂದು ದಿನ ಜಗತ್ತು ಹುಡುಕಿಕೊಂಡು ಬರುತ್ತದೆ, ಜೋಪಾನವಾಗಿಡು ಎಂದು ತಮ್ಮ ಬಾಬಿಗೆ ಒಪ್ಪಿಸಿದ್ದ. 2000ನೇ ಇಸವಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಟೇಪುಗಳು ಬಾಬಿಯ ಮನೆಯ ಅಟ್ಟ ಸೇರಿದ್ದವು. ಬಾಬಿ ತನ್ನ ಮಕ್ಕಳಿಗೆ ಆ ಬ್ಯಾಂಡಿನ ವಿಷಯವನ್ನೇ ಹೇಳಿರಲಿಲ್ಲ. ಸೋತದ್ದನ್ನು ಮಕ್ಕಳ ಮುಂದೆ ಯಾವ ಅಪ್ಪ ತಾನೇ ಹೇಳಿಕೊಳ್ಳುತ್ತಾನೆ?

ಆದರೆ ಆ 500 ಪ್ರತಿಗಳಲ್ಲಿ ಕೆಲವು ಹಳೆ ರೆಕಾರ್ಡ್ ಸಂಗ್ರಹಿಸುವವರ ಕೈ ಸೇರಿ, ನೂರಾರು ಡಾಲರ್ ಬೆಲೆ ಬಾಳತೊಡಗಿದ್ದವು. 2008ರ ಸುಮಾರಿಗೆ ಬಾಬಿಯ ಮಗನೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಾಡು ಕೇಳಿ ಬೆಚ್ಚಿಬಿದ್ದ. ಅದು ಅಪ್ಪನ ಧ್ವನಿ! ಮನೆಗೆ ಫೋನ್ ಹೋಯಿತು, ಅಟ್ಟದಿಂದ ಟೇಪು ಇಳಿಯಿತು. 2009ರಲ್ಲಿ ನಮ್ಮ ಷಿಕಾಗೋದ ಡ್ರ್ಯಾಗ್ ಸಿಟಿ ಎಂಬ ಕಂಪನಿ ಆ ಏಳೂ ಹಾಡುಗಳನ್ನು ‘ಫಾರ್ ದ ಹೋಲ್ ವರ್ಲ್ಡ್ ಟು ಸೀ’ ಎಂಬ ಹೆಸರಿನಲ್ಲಿ ಹೊರತಂದಿತು. ಪಂಕ್ ರಾಕ್ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ ಡೆಟ್ರಾಯಿಟ್‌ನ ಮೂವರು ಹುಡುಗರು ಅದನ್ನು ನುಡಿಸಿಬಿಟ್ಟಿದ್ದರು ಎಂದು ಪತ್ರಿಕೆಗಳು ಬರೆದವು. ಬಾಬಿಯ ಮೂವರು ಮಕ್ಕಳು ‘ರಫ್ ಫ್ರಾನ್ಸಿಸ್’ ಎಂಬ ಬ್ಯಾಂಡ್ ಕಟ್ಟಿ ಅಪ್ಪ, ದೊಡ್ಡಪ್ಪಂದಿರ ಹಾಡುಗಳನ್ನು ವೇದಿಕೆಯ ಮೇಲೆ ಹಾಡಿದರು. ಕೇಳಲು ಡೇವಿಡ್ ಇರಲಿಲ್ಲ. 2012ರಲ್ಲಿ ಬಂದ ‘ಎ ಬ್ಯಾಂಡ್ ಕಾಲ್ಡ್ ಡೆತ್’ ಸಾಕ್ಷ್ಯಚಿತ್ರ ನೋಡುವಾಗ ಪಕ್ಕದಲ್ಲಿ ಕರ್ಚೀಫ್ ಇಟ್ಟುಕೊಳ್ಳಿ.

ಅಟ್ಟದಲ್ಲಿ ಟೇಪು ಇದ್ದದ್ದರಿಂದ ಈ ಕಥೆ ಉಳಿಯಿತು. ಇಲ್ಲದಿದ್ದರೆ?

ಮೈಸೂರಿನ ಮೈಕ್ರೋಬಯಾಲಜಿ

ಇವೆಲ್ಲ ಅಮೆರಿಕದವರ, ಇಂಗ್ಲೆಂಡಿನವರ ಕಥೆಯಾಯಿತು, ನಮ್ಮವರದು ಎಂದು ನೀವು ಕೇಳಬಹುದು. ನಮ್ಮವರದೂ ಇದೆ, ಅದೂ ನಮ್ಮ ಮೈಸೂರಿನದೇ.

ರಘು ದೀಕ್ಷಿತ್ ಯಾರಿಗೆ ಗೊತ್ತಿಲ್ಲ? ಲುಂಗಿ, ಗೆಜ್ಜೆ, ಗಿಟಾರ್ ಹಾಕಿಕೊಂಡು ಕುಣಿಯುವ ಅವರನ್ನು ನಮ್ಮ ಮಕ್ಕಳೂ ಕೇಳುತ್ತಾರೆ. ಆದರೆ ಅವರು ಮೈಸೂರು ವಿಶ್ವವಿದ್ಯಾಲಯದಿಂದ ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯದಲ್ಲಿ ವಿದ್ವತ್ ಮಾಡಿದವರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗಿಟಾರ್ ಕಲಿತದ್ದು ಕಾಲೇಜಿನಲ್ಲಿ, ಗೆಳೆಯನೊಬ್ಬ ಹಾಕಿದ ಸವಾಲಿಗೆ! ಓದು ಮುಗಿಸಿ ಕೆಲಸದ ಮೇಲೆ ಬೆಲ್ಜಿಯಂಗೆ ಹೋದರು. ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಅಲ್ಲಿ ಮನೆಯ ಮಾಲೀಕರು ಇವರ ಹಾಡು ಕೇಳಿ ಸ್ಥಳೀಯ ರೇಡಿಯೋದವರೆಗೂ ಮುಟ್ಟಿಸಿದರು. ಆ ಒಂದು ಅವಕಾಶ ಅವರ ಮನಸ್ಸನ್ನು ಬದಲಿಸಿತು. ಕೈತುಂಬ ಸಂಬಳದ ಕೆಲಸ ಬಿಟ್ಟು ಊರಿಗೆ ಬಂದರು.

ಸಿನಿಮಾದಲ್ಲಾಗಿದ್ದರೆ ಮುಂದಿನ ದೃಶ್ಯದಲ್ಲಿ ಚಪ್ಪಾಳೆ. ನಿಜ ಜೀವನದಲ್ಲಿ ಆದದ್ದು ವರ್ಷಗಟ್ಟಲೆ ಕಾಯುವಿಕೆ. ಅವರ ‘ಅಂತರಾಗ್ನಿ’ ಎಂಬ ಬ್ಯಾಂಡ್ ಒಡೆಯಿತು. ಹಾಡುಗಳನ್ನು ಹಿಡಿದು ಮುಂಬಯಿಯ ಕಂಪನಿಗಳಿಗೆ ಅಲೆದರು. ಸಿನಿಮಾ ಹಾಡಲ್ಲ, ಶಾಸ್ತ್ರೀಯ ಅಲ್ಲ, ಅರ್ಧ ಕನ್ನಡ, ಅರ್ಧ ಹಿಂದಿ, ಇದನ್ನು ಯಾವ ಅರೆಯಲ್ಲಿ ಇಟ್ಟು ಮಾರುವುದು ಎಂಬ ತಕರಾರು. ಕೊನೆಗೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ಹಾಡು ಕೇಳಿ, ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿದ್ದೇನೆ ಎಂಬರ್ಥದ ಹೆಸರಿನ ಹಾಡೂ ಅದರಲ್ಲಿದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದಾಗ ಇಂಗ್ಲೆಂಡಿನವರೂ ತಲೆದೂಗಿದರು.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇನ್ನೊಂದು ವಿಷಯ. ಆ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಎರಡು ತತ್ವಪದಗಳಿವೆ, ಒಂದು ಸೋರುವ ಮಾಳಿಗೆಯದು. (ನಮ್ಮ ಮನೆಯಲ್ಲಿ ಸೋರಿದ್ದು ನೆಲಮಾಳಿಗೆ, ಅಷ್ಟೇ ವ್ಯತ್ಯಾಸ!) 1991ರಲ್ಲಿ ಹಾಸ್ಟೆಲ್ ಕೋಣೆಯಲ್ಲಿ ತಟ್ಟೆ ಬಡಿಯುತ್ತಾ ನಾವು ನಾಲ್ವರು ಮಾಡಲು ಹೊರಟಿದ್ದೂ ಅದನ್ನೇ ಅಲ್ಲವೇ? ನಮಗೆ ಪ್ರತಿಭೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಎರಡೂ ಇದ್ದವರೊಬ್ಬರು ಅದೇ ಊರಿನಿಂದ ಬಂದು ಮಾಡಿ ತೋರಿಸಿದರು.

ತಪ್ಪೊಪ್ಪಿಗೆ

ಈಗ ಮಗನ ಪ್ರಶ್ನೆಗೆ ಬರುತ್ತೇನೆ.

2014ರಿಂದ ಎರಡು ವರ್ಷ, ಅವನು ಹೈಸ್ಕೂಲಿನಲ್ಲಿದ್ದಾಗ, ಇದೇ ಬೇಸ್‌ಮೆಂಟಿನಲ್ಲಿ ಅವನದೂ ಮೂವರು ಗೆಳೆಯರದೂ ಒಂದು ಬ್ಯಾಂಡ್ ಇತ್ತು. ಎರಡು ಗಿಟಾರ್, ಒಂದು ಡ್ರಮ್ಸ್, ಒಂದು ಕೀಬೋರ್ಡ್. ಶುಕ್ರವಾರ ಸಂಜೆ ಮನೆ ಅದುರುತ್ತಿತ್ತು. ನಾಲ್ಕು ಹಾಡು ಅವರೇ ಕಟ್ಟಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದರು. ಒಂದು ರಾತ್ರಿ ಹತ್ತು ಗಂಟೆಗೆ ನಾನು ಆಸ್ಪತ್ರೆಯಿಂದ ಬಂದು ಸಾರನ್ನ ತಿನ್ನುತ್ತಿದ್ದಾಗ ಹೆಡ್‌ಫೋನ್ ಹಿಡಿದು ಬಂದ.

“ಅಪ್ಪ, ಒಂದು ಸಾಂಗ್ ಕೇಳ್ತೀಯಾ? ಮೂರೇ ನಿಮಿಷ.”

“ಶನಿವಾರ ಕೇಳೋಣ ಮರಿ, ಇವತ್ತು ತುಂಬಾ ಸುಸ್ತು” ಎಂದೆ.

ಸುಸ್ತಾಗಿದ್ದದ್ದು ನಿಜ. ಆದರೆ ಆ ಶನಿವಾರ ಆನ್ ಕಾಲ್ ಇತ್ತು. ಅದರ ಮುಂದಿನ ಶನಿವಾರ ಯಾರದೋ ಗೃಹಪ್ರವೇಶ. ಮೂರನೆಯ ಶನಿವಾರ ಅವನೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ದಿನಕ್ಕೆ ಇಪ್ಪತ್ತು ಜನರ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುವವನಿಗೆ ಮಗನ ಮೂರು ನಿಮಿಷ ಕೇಳಲು ಪುರುಸೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಪುರುಸೊತ್ತು ಒಂದು ನೆಪ. ಎಲ್ಲಿ ಇವನು ಎಸ್‌ಎಟಿ ಓದು ಬಿಟ್ಟು ಇದನ್ನೇ ಹಿಡಿದು ಕೂರುತ್ತಾನೋ ಎಂಬ ಭಯ ಒಳಗಿತ್ತು. ಕೇಳಿ “ಚೆನ್ನಾಗಿದೆ” ಎಂದುಬಿಟ್ಟರೆ ಉತ್ತೇಜನ ಕೊಟ್ಟಂತೆ ಎಂದು ಲೆಕ್ಕ ಹಾಕಿದ್ದೆ.

2017ರಲ್ಲಿ ಅವನು ಕಾಲೇಜಿನಲ್ಲಿದ್ದಾಗ ಮನೆ ಸ್ವಚ್ಛ ಮಾಡುತ್ತಾ ಆ ಹಳೆಯ ಲ್ಯಾಪ್‌ಟಾಪನ್ನು ರೀಸೈಕಲ್‌ಗೆ ಕೊಟ್ಟವನೂ ನಾನೇ. ಆನ್ ಆಗುತ್ತಿರಲಿಲ್ಲ, ಅದಕ್ಕೇ ಕೊಟ್ಟೆ. ಒಂದು ಮಾತು ಅವನನ್ನು ಕೇಳಬಹುದಿತ್ತು.

ನನ್ನ ಕ್ಯಾಸೆಟ್ಟನ್ನು ಡಬ್ಬದಲ್ಲಿಟ್ಟು ಸಪ್ತಸಾಗರ ದಾಟಿಸಿ ಮೂವತ್ತು ವರ್ಷ ಕಾಪಾಡಿದ್ದೆ. ಅವನದನ್ನು ಕೈಯಾರೆ ಬಿಸಾಕಿದ್ದೆ. ಒದ್ದೆ ಗ್ಯಾರೇಜಿನಲ್ಲಿ ನಿಂತು ಇದನ್ನೆಲ್ಲ ಹೇಳಿದೆ. “ಇಟ್ಸ್ ಓಕೆ ಅಪ್ಪ, ಅದೇನು ದೊಡ್ಡ ಹಾಡಲ್ಲ ಬಿಡು” ಎಂದ. ದೊಡ್ಡ ಹಾಡಲ್ಲ ಎಂಬುದು ನನಗೂ ಗೊತ್ತು. ಮಡ್ಡಿ ವಾಟರ್ಸ್ ಒಂದು ಲಕ್ಷಕ್ಕೊಬ್ಬರು ಆಗುತ್ತಾರೆ. ಉಳಿದವರು ಡಾಕ್ಟರು, ಎಂಜಿನಿಯರು, ಅಕೌಂಟೆಂಟು ಆಗುತ್ತಾರೆ. ನನ್ನ ಮಗನೂ ಹಾಗೆಯೇ ಒಂದು ಒಳ್ಳೆಯ ಕೆಲಸದಲ್ಲಿದ್ದಾನೆ, ಗಿಟಾರ್ ಮುಟ್ಟಿ ವರ್ಷಗಳಾದವು. ಆದರೆ ಅವತ್ತು ಅವನು ಹೆಡ್‌ಫೋನ್ ಹಿಡಿದು ಬಂದದ್ದು ಪ್ರಖ್ಯಾತನಾಗಲು ಅಲ್ಲ. ಲೊಮ್ಯಾಕ್ಸ್ ನುಡಿಸಿದ ತಟ್ಟೆಯ ಮುಂದೆ ಕೂತ ಟ್ರ್ಯಾಕ್ಟರ್ ಡ್ರೈವರನಿಗೆ ಏನು ಬೇಕಿತ್ತೋ ಅದೇ ಇವನಿಗೂ ಬೇಕಿತ್ತು: ಒಬ್ಬರು ಕೇಳಬೇಕು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಮಗ ತನ್ನ ಹಳೆಯ ಗೆಳೆಯರಿಗೆ ಮೆಸೇಜ್ ಕಳಿಸಿದ. ಎರಡು ವಾರದ ಮೇಲೆ ಡ್ರಮ್ಸ್ ಹುಡುಗನಿಂದ ಉತ್ತರ. ಅವನ ತಾಯಿ ಆ ನಾಲ್ಕು ಹಾಡುಗಳನ್ನು ಒಂದು ಸಿಡಿಗೆ ಹಾಕಿಸಿಕೊಂಡು ಕಾರಿನಲ್ಲಿ ಇಟ್ಟುಕೊಂಡಿದ್ದರಂತೆ. ಕೆಲಸಕ್ಕೆ ಹೋಗುವಾಗ ಬರುವಾಗ ಕೇಳುತ್ತಿದ್ದರಂತೆ! ಆ ತಾಯಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸಿಡಿಯ ಮೇಲೆ ಗೀರುಗಳಾಗಿ ನಾಲ್ಕನೆಯ ಹಾಡು ಹೋಗಿದೆ, ಮೂರು ಉಳಿದಿವೆ.

ಒಂದು ಶನಿವಾರ (ಹೌದು, ಕೊನೆಗೂ ಶನಿವಾರ ಬಂತು) ನಾವಿಬ್ಬರೂ ಊಟದ ಟೇಬಲ್ಲಿನ ಮುಂದೆ ಕೂತು ಕೇಳಿದೆವು. ಒಡೆಯುತ್ತಿರುವ ಹದಿನಾರರ ಗಂಟಲು. ಎರಡನೆಯ ಹಾಡಿನಲ್ಲಿ ಡ್ರಮ್ಸ್ ನಿಂತು ಗಿಟಾರ್ ಮಾತ್ರ ಮೆಲ್ಲಗೆ ನುಡಿಯುವ ಒಂದು ಜಾಗ ಬರುತ್ತದೆ, ನಿಜಕ್ಕೂ ಚೆನ್ನಾಗಿದೆ. ಸರಿಯಾಗಿ ಅಲ್ಲಿ, ದೂರದಿಂದ, ಮೆಟ್ಟಿಲ ಮೇಲಿಂದ ಒಂದು ಧ್ವನಿ ಕೇಳಿಸಿತು.

“ಸೌಂಡ್ ಕಡಿಮೆ ಮಾಡ್ರೋ! ಎಷ್ಟು ಸಲ ಹೇಳೋದು?”

ಅದು ನನ್ನ ಧ್ವನಿ.

ಮಗ ಬಿದ್ದು ಬಿದ್ದು ನಕ್ಕ. ಆ ಸಾಲನ್ನು ತೆಗೆದುಬಿಡೋಣವೆಂದು ಆಗ ಗೆಳೆಯರೆಲ್ಲ ಚರ್ಚೆ ಮಾಡಿ, ಇರಲಿ ಎಂದು ಬಿಟ್ಟರಂತೆ. ನಾನೂ ನಕ್ಕೆ. ಆಮೇಲೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಡಾಕ್ಟರ ಪ್ರಿಸ್ಕ್ರಿಪ್ಷನ್

ಅಭ್ಯಾಸಬಲ, ಒಂದು ಚೀಟಿ ಬರೆದುಕೊಡದೆ ಹೇಗೆ ಬಿಡಲಿ? ನಿಮ್ಮ ಬೇಸ್‌ಮೆಂಟಿನಲ್ಲೂ ಕ್ಯಾಸೆಟ್ಟುಗಳಿರುತ್ತವೆ. ಅಜ್ಜಿಯ ಸೋಬಾನೆ ಹಾಡು, ಊರಿನಿಂದ ತಾತ ಕಳಿಸಿದ ಮಾತು, ಮಗಳು ನಾಲ್ಕು ವರ್ಷದವಳಿದ್ದಾಗ ಕನ್ನಡ ಕೂಟದಲ್ಲಿ ಹಾಡಿದ ಶಿಶುಗೀತೆ. ಅವನ್ನು ನೆಲದಿಂದ ಮೇಲೆ, ಒಣ ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬದಲ್ಲಿ ನಿಲ್ಲಿಸಿಡಿ. ಮೇಲೆ ಯಾರದು, ಯಾವ ವರ್ಷ ಎಂದು ಬರೆಯಿರಿ. ಒದ್ದೆಯಾಗಿದ್ದರೆ ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ನೆರಳಿನಲ್ಲಿ ತಾನಾಗಿ ಒಣಗಲಿ, ಅಲ್ಲಿಯವರೆಗೆ ಪ್ಲೇ ಮಾಡಬೇಡಿ. ಟೇಪು ಸಡಿಲವಾಗಿದ್ದರೆ ಹಳೆಯ ಕಾಲದ ಹಾಗೆ ಪೆನ್ಸಿಲ್ ತೂರಿಸಿ ತಿರುಗಿಸಿ ಬಿಗಿ ಮಾಡಿ. ಕಂಪ್ಯೂಟರಿಗೆ ಇಳಿಸಿದ ಮೇಲೆ ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಇಡಿ. ಮಕ್ಕಳ ಹಳೆಯ ಫೋನು, ಲ್ಯಾಪ್‌ಟಾಪು ಬಿಸಾಡುವ ಮುನ್ನ ಅವರನ್ನು ಒಂದು ಮಾತು ಕೇಳಿ.

ಇನ್ನೊಂದು ಔಷಧಿ, ಇದು ಊಟಕ್ಕೆ ಮುಂಚೆಯಾದರೂ ಸರಿ, ನಂತರವಾದರೂ ಸರಿ. ಮಕ್ಕಳು “ಮೂರೇ ನಿಮಿಷ” ಎಂದು ಬಂದರೆ ಕೈ ತೊಳೆದುಕೊಂಡು ಕೂತು ಕೇಳಿ. ಶನಿವಾರಕ್ಕೆ ಮುಂದೂಡಬೇಡಿ.

ಅಂದ ಹಾಗೆ ನಮ್ಮ 1991ರ ಕ್ಯಾಸೆಟ್ಟನ್ನೂ ಮಗ ಕಂಪ್ಯೂಟರಿಗೆ ಇಳಿಸಿದ. ಪೂರ್ತಿ ಕೇಳಿದ. ಒಂದು ಹಾಡಿನ ಕೊನೆಯಲ್ಲಿ ಹಳೆಯ ಸಿನಿಮಾ ಹಾಡಿನ ಚೂರೊಂದು ಇಣುಕುತ್ತದೆ, ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ತೀರ್ಪು ಕೊಟ್ಟ!